ಗಂಟಿನೊಳಗಿನ ಗಂಧ

ಹೆಂಗಸರು ಪ್ರಯಾಣ ಹೊರಟರೆ ಮನೆಯನ್ನೇ ಕಟ್ಟಿಕೊಂಡು ಹೊರಡುತ್ತಾರೆ ಎಂಬುದು ಗಂಡಸರ ಹಳೆಯ ಹಾಸ್ಯ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಜಗಲಿಯಲ್ಲಿ ಈ ಮಾತು ಕೇಳಿ ನಾವೂ ನಕ್ಕಿದ್ದೇವೆ. ಆದರೆ ಆ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಅದರಲ್ಲಿ ಅವಳದೆಂಬುದು ಎಷ್ಟಿದೆ? ಮಗುವಿನ ಬಟ್ಟೆ, ಗಂಡನ ಪಂಚೆ, ಮಾವನವರ ಮಾತ್ರೆ, ದಾರಿಗೆ ಬುತ್ತಿ, ಹೋದ ಮನೆಯಲ್ಲಿ ಕೊಡಲು ಚಕ್ಕುಲಿಯ ಡಬ್ಬ. ಹಿಂದಿರುಗುವಾಗ ತವರಿನವರು ತುಂಬಿದ ಮಡಿಲಕ್ಕಿ, ನಾಲ್ಕು ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ. ಮಡಿಲಕ್ಕಿಯನ್ನು ಭಾರವೆಂದು ಬಿಟ್ಟು ಬರುವ ಮಗಳನ್ನು ನಾನಂತೂ ಕಂಡಿಲ್ಲ. ಇವೆಲ್ಲದರ ತಳದಲ್ಲಿ ಅವಳ ಎರಡು ಸೀರೆ. ಆ ಸೀರೆಯ ಮಡಿಕೆಯಲ್ಲಿ ಒಂದು ಪುಟ್ಟ ಸೀಸೆ. ನಾನು ಇಲ್ಲಿ ಹೇಳಹೊರಟಿರುವುದು ಆ ಸೀಸೆಯ ಚರಿತ್ರೆ.

ಸೀಸೆಯಲ್ಲಿರುವುದು ನೀಲಗಿರಿ ಎಣ್ಣೆಯಾಗಿರಬಹುದು, ಗಂಧದೆಣ್ಣೆಯಾಗಿರಬಹುದು, ಬರಿಯ ಅಮೃತಾಂಜನವೂ ಆಗಿರಬಹುದು. ಈಗ ಇವಕ್ಕೆಲ್ಲ ‘ಎಸೆನ್ಷಿಯಲ್ ಆಯಿಲ್’ ಎಂಬ ಹೆಸರು ಬಂದಿದೆ. ಇವುಗಳ ಉಪಚಾರಕ್ಕೆ ‘ಅರೋಮಾಥೆರಪಿ’ ಎನ್ನುತ್ತಾರೆ. ಆ ಶಬ್ದವನ್ನು ಬಳಕೆಗೆ ತಂದವನು ಗಾಟ್‌ಫೊಸ್ಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ಅವನ ಪುಸ್ತಕ ಬಂದದ್ದು 1937ರಲ್ಲಿ. ಶಬ್ದ ಹೊಸದು, ವಸ್ತು ಹಳೆಯದು. ನಮ್ಮ ಅಜ್ಜಿಯರಿಗೆ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ.

ಈ ಎಣ್ಣೆಗಳು ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಯಂಥವಲ್ಲ. ಅವನ್ನು ಗಾಣದಲ್ಲಿ ಹಿಂಡುತ್ತೇವೆ, ಬಟ್ಟೆಗೆ ತಗುಲಿದರೆ ಜಿಡ್ಡು ಉಳಿಯುತ್ತದೆ. ಸುಗಂಧ ತೈಲಗಳು ಗಾಳಿಗೆ ಆರಿಹೋಗುವಂಥವು. ಎಲೆಯನ್ನೋ ಬೇರನ್ನೋ ಹಂಡೆಯಲ್ಲಿಟ್ಟು ಅದರ ಮೂಲಕ ಹಬೆ ಹಾಯಿಸುತ್ತಾರೆ. ಹಬೆಯ ಜೊತೆಗೆ ಪರಿಮಳದ ಅಂಶವೂ ಮೇಲೇಳುತ್ತದೆ. ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಆ ಹಬೆ ಮತ್ತೆ ನೀರಾಗುವಾಗ ಎಣ್ಣೆ ಬೇರೆಯಾಗಿ ನಿಲ್ಲುತ್ತದೆ. ಒಂದು ಕೆಜಿ ಗುಲಾಬಿ ಎಣ್ಣೆಗೆ ಸುಮಾರು 3,500ರಿಂದ 4,000 ಕೆಜಿ ದಳ ಬೇಕು. ಅಂದರೆ ಒಂದು ಲಾರಿ ಹೂವು ಕೈಚೀಲದ ಒಂದು ಬಾಟಲಿಯಲ್ಲಿ ಕೂತುಬಿಡುತ್ತದೆ. ಗಂಟನ್ನು ಹಗುರ ಮಾಡಲು ಮನುಷ್ಯ ಕಲಿತ ವಿದ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದು.

ಈ ಚರಿತ್ರೆಯನ್ನು ಹೇಳಲು ನನಗೆ ತಕ್ಕ ಜಾಗವೆನಿಸುವುದು ಹೆಗ್ಗದ್ದೆ. ಹೆಸರೇ ಹೇಳುವಂತೆ ಹಿರಿದಾದ ಗದ್ದೆಯ ಊರು. ಸಕಲೇಶಪುರದಿಂದ ಮಂಗಳೂರು ಕಡೆಗೆ ಹೊರಟವರಿಗೆ ಮಂಜರಾಬಾದ್ ಕೋಟೆ ದಾಟಿ, ದೋಣಿಗಾಲ್ ದಾಟಿ, ಶಿರಾಡಿ ಘಾಟಿಗೆ ಇಳಿಯುವ ಮೊದಲು ಸಿಗುವ ಊರು. ಇಲ್ಲಿಂದ ಮುಂದೆ ರಸ್ತೆ ತಿರುಗುತ್ತ ತಿರುಗುತ್ತ ಕೆಂಪುಹೊಳೆಯ ಕಾಡಿಗೆ ಇಳಿಯುತ್ತದೆ. ಮೇಲೆ ಚಳಿ, ಮಂಜು. ಕೆಳಗೆ ಗುಂಡ್ಯ ತಲುಪುವಷ್ಟರಲ್ಲಿ ಸೆಖೆ, ಬೆವರು. ಒಂದೇ ದಿನದ ಪ್ರಯಾಣಕ್ಕೆ ಶಾಲೂ ಬೇಕು, ಬೀಸಣಿಗೆಯೂ ಬೇಕು. ಹಗುರವಾಗಿ ಗಂಟು ಕಟ್ಟುವುದು ಇಲ್ಲಿನವರಿಗೆ ಎಂದೂ ಸುಲಭವಾಗಿರಲಿಲ್ಲ.

ಘಟ್ಟದ ವ್ಯಾಪಾರವನ್ನೇ ನೋಡಿ. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನೆಣ್ಣೆ ಮೇಲೆ ಬರುತ್ತಿತ್ತು. ಮೇಲಿನಿಂದ ಅಕ್ಕಿ, ಕಾಫಿ, ಏಲಕ್ಕಿ ಕೆಳಗೆ ಹೋಗುತ್ತಿತ್ತು. ಇವೆಲ್ಲದರಲ್ಲಿ ಹೊರುವವನ ತಲೆಗೆ ಹಗುರವಾಗಿ, ಮಾರುವವನ ಕೈಗೆ ಹೆಚ್ಚು ಹಣ ಕೊಡುತ್ತಿದ್ದುದು ಏಲಕ್ಕಿ. ಸುಮಾರು ಐದು ಕೆಜಿ ಹಸಿ ಕಾಯಿ ಒಣಗಿದರೆ ಒಂದು ಕೆಜಿ ಏಲಕ್ಕಿ. ಗಾಡಿ ಹೋಗದ ದಾರಿಯಲ್ಲೂ ಒಬ್ಬ ಮನುಷ್ಯ ಹೊತ್ತು ಇಳಿಸಬಹುದಾದ ಐಶ್ವರ್ಯ. ಕಟ್ಟೆ ರೋಗ ಬಂದು ಎಷ್ಟೋ ಏಲಕ್ಕಿ ಮಲೆಗಳು ಬರಿದಾದವು, ಕಾಫಿ ಆ ಜಾಗವನ್ನು ಹಿಡಿಯಿತು. ಆದರೂ ಏಲಕ್ಕಿಯ ನಂಟು ಬಿಟ್ಟಿಲ್ಲ. ಮಸಾಲೆ ಮಂಡಳಿಯ ಏಲಕ್ಕಿ ಸಂಶೋಧನೆಯ ಪ್ರಾದೇಶಿಕ ಕೇಂದ್ರ ಇರುವುದು ಇದೇ ದೋಣಿಗಾಲ್‌ನಲ್ಲಿ. ಏಲಕ್ಕಿ ಬಿಡಿಸುವ ಕೆಲಸ ಮಾಡಿದವರು ಹೆಚ್ಚಾಗಿ ಹೆಂಗಸರು. ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು. ಮಳೆ ಇನ್ನೂ ಬಿಡದ ದಿನಗಳಲ್ಲಿ ಸೊಂಟ ಬಗ್ಗಿಸಿಕೊಂಡು, ಹಣ್ಣಾದ ಕಾಯಿಯನ್ನಷ್ಟೇ ಆರಿಸಿ ಕೀಳಬೇಕು. ಹಾವೇರಿಯ ಏಲಕ್ಕಿ ಮಾಲೆಯನ್ನು ಸಭೆಯಲ್ಲಿ ಅತಿಥಿಯ ಕೊರಳಿಗೆ ಹಾಕುವಾಗ ನನಗೆ ಆ ಬಗ್ಗಿದ ಬೆನ್ನುಗಳ ನೆನಪಾಗುತ್ತದೆ. ಹಗುರವಾದ ವಸ್ತುವಿನ ಹಿಂದೆ ಭಾರ ಹೊತ್ತವರು ಯಾರೋ ಇದ್ದೇ ಇರುತ್ತಾರೆ.

ಘಾಟಿ ಇಳಿಯುವಾಗ ನಮ್ಮ ಮನೆಯ ಹೆಂಗಸರು ಸೆರಗಿನ ತುದಿಗೆ ನಾಲ್ಕು ಏಲಕ್ಕಿ ಕಟ್ಟಿಕೊಳ್ಳುತ್ತಿದ್ದರು. ಕೈಯಲ್ಲೊಂದು ನಿಂಬೆಹಣ್ಣು. ತಿರುವು ಶುರುವಾದೊಡನೆ ಏಲಕ್ಕಿ ಬಾಯಿಗೆ; ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಗಿನ ಹತ್ತಿರ. ನಿಂಬೆಯ ಪರಿಮಳವೆಲ್ಲ ಇರುವುದು ರಸದಲ್ಲಲ್ಲ, ಸಿಪ್ಪೆಯ ಮೇಲಿನ ಸಣ್ಣ ಸಣ್ಣ ಎಣ್ಣೆಯ ಗುಳಿಗಳಲ್ಲಿ. ಉಗುರು ತಾಗಿದರೆ ಗುಳಿ ಒಡೆಯುತ್ತದೆ. ಮುಚ್ಚಳವಿಲ್ಲದ, ಸೋರದ, ಒಡೆಯದ ಸುಗಂಧ ತೈಲದ ಬಾಟಲಿ ಎಂದರೆ ನಿಂಬೆಹಣ್ಣೇ! ವಾಂತಿ ಬರುವುದಕ್ಕೆ ಕಾರಣವನ್ನು ವೈದ್ಯರು ಹೀಗೆ ಹೇಳುತ್ತಾರೆ: ದೇಹ ವಾಲುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಎದುರಿನ ಸೀಟನ್ನೇ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ, ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಜೊತೆಗೆ ಡೀಸೆಲ್ ಹೊಗೆಯ ವಾಸನೆ ಸೇರಿದರೆ ಕೇಳುವುದೇ ಬೇಡ. ನಿಂಬೆ, ಏಲಕ್ಕಿ ಆ ಜಗಳವನ್ನು ಬಿಡಿಸಲಾರವು. ಕೆಟ್ಟ ವಾಸನೆಯನ್ನು ಮರೆಸಿ ಮನಸ್ಸಿಗೆ ಒಂದು ಹಿಡಿಕೆ ಕೊಡುತ್ತವೆ, ಅಷ್ಟೆ. ದೂರದ ಗುಡ್ಡವನ್ನು ನೋಡುತ್ತ ಕೂರುವುದು, ಶುಂಠಿಯ ಚೂರು ಬಾಯಲ್ಲಿಡುವುದು ಇದರ ಜೊತೆಗೆ ಇರಲಿ.

ಮಳೆಗಾಲದ ಮಲೆನಾಡಿನಲ್ಲಿ ಇನ್ನೆರಡು ಶತ್ರುಗಳು. ಒಂದು ಇಂಬಳ, ಇನ್ನೊಂದು ಬೂಷ್ಟು. ತೋಟದ ದಾರಿಯಲ್ಲಿ ನಡೆದು ಬಸ್ಸಿಗೆ ಬರಬೇಕಾದವರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು, ಉಪ್ಪು ಹಚ್ಚುತ್ತಿದ್ದರು. ಸೀಸೆ ಬಂದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ನೀಲಗಿರಿ ಎಣ್ಣೆ. ಬೂಷ್ಟಿಗೆ ಮದ್ದು ಟ್ರಂಕಿನಲ್ಲಿತ್ತು: ಲಾವಂಚದ ಬೇರಿನ ಕಟ್ಟು, ಕರ್ಪೂರದ ಬಿಲ್ಲೆ, ಒಣಗಿದ ಪಚ್ಚೆತೆನೆ. ಮುಡಿಯುವ ಹೂವಿನ ನಡುವೆ ನಾವು ಸೇರಿಸಿ ಕಟ್ಟುವ ಪಚ್ಚೆತೆನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ‘ಪಚೌಲಿ’ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ನುಸಿ ಹಿಡಿಯದಿರಲೆಂದು ಮಡಿಕೆಗಳಲ್ಲಿ ಇದೇ ಎಲೆಯನ್ನು ಇಡುತ್ತಿದ್ದರು. ಆ ವಾಸನೆ ಇದ್ದರೆ ಮಾತ್ರ ಅಸಲಿ ಶಾಲು ಎಂದು ಅಲ್ಲಿನ ಹೆಂಗಸರು ನಂಬಿದರು. ಕೊನೆಗೆ ಅಲ್ಲಿಯೇ ನೇಯ್ದ ನಕಲಿ ಶಾಲಿಗೂ ಪಚೌಲಿ ಪೂಸಿ ಮಾರಿದರಂತೆ. ಕಟ್ಟಿಕೊಟ್ಟ ಎಲೆಯೇ ವಸ್ತುವಿನ ಗುರುತಾಗಿಬಿಟ್ಟಿತು.

ಇನ್ನು ಗಂಧದ ಮಾತು. 1792ರಲ್ಲಿ ಟಿಪ್ಪು ಸುಲ್ತಾನ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದ. ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ ಮುಗಿದದ್ದೂ ಅದೇ 1792ರಲ್ಲಿ ಎನ್ನುತ್ತಾರೆ. ಕೋಟೆ ಈಗ ನೋಡುವವರ ತಾಣ. ಆ ಕಾನೂನು ಮಾತ್ರ ಕೋಟೆಗಿಂತ ಗಟ್ಟಿಯಾಗಿತ್ತು. ಟಿಪ್ಪು ಹೋದ, ಒಡೆಯರು ಬಂದರು, ಬ್ರಿಟಿಷರ ಕಮಿಷನರುಗಳು ಬಂದರು, ಸ್ವತಂತ್ರ ಸರ್ಕಾರ ಬಂತು. ಹಿತ್ತಲಲ್ಲಿ ತಾನೇ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿ ಉಳಿಯಿತು. 2001ರ ತಿದ್ದುಪಡಿಯ ನಂತರವೇ ಜಮೀನಿನ ಒಡೆಯರಿಗೆ ಆ ಮರದ ಮೇಲೆ ಹಕ್ಕು ಬಂದದ್ದು. ನಮ್ಮ ಅಜ್ಜಿ ದಿನವೂ ದೇವರಿಗೆ ಗಂಧ ತೇಯುತ್ತಿದ್ದರು. ಸಾಣೆಕಲ್ಲು ಅವರದು, ರಟ್ಟೆಯ ಶಕ್ತಿ ಅವರದು, ಕೊರಡು ಮಾತ್ರ ಅಂಗಡಿಯದು. ಬೇಲಿಯ ಪಕ್ಕದ ಗಂಧದ ಗಿಡವನ್ನು ಮನೆಯವರು ಹೆದರಿಕೆಯಿಂದಲೇ ನೋಡುತ್ತಿದ್ದರು. ಬೆಳೆದರೆ ಕಳ್ಳರ ಕಾಟ, ಕಡಿದರೆ ಕೇಸು. ಎಷ್ಟೋ ಮನೆಗಳಲ್ಲಿ ಗಂಧದ ಸಸಿ ಕಂಡರೆ ಚಿಗುರಿನಲ್ಲೇ ಕಿತ್ತೆಸೆಯುತ್ತಿದ್ದುದಕ್ಕೆ ಇದೇ ಕಾರಣ.

ಮೈಸೂರು ರಾಜ್ಯ ಹಗುರವಾಗಿ ಗಂಟು ಕಟ್ಟುವುದನ್ನು ಕಲಿತದ್ದು ಒಂದು ಯುದ್ಧದಿಂದ. 1914ರವರೆಗೆ ನಮ್ಮ ಗಂಧ ಕೊರಡುಗಳಾಗಿಯೇ ಹಡಗೇರುತ್ತಿತ್ತು. ಎಣ್ಣೆ ತೆಗೆಯುವವರು ಯುರೋಪಿನವರು, ಅದರಲ್ಲೂ ಜರ್ಮನಿ ದೊಡ್ಡ ಗಿರಾಕಿ. ಮೊದಲ ಮಹಾಯುದ್ಧ ಶುರುವಾದೊಡನೆ ಆ ಬಾಗಿಲು ಮುಚ್ಚಿತು. ಡಿಪೋಗಳಲ್ಲಿ ಕೊರಡು ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಮುಂದೆ ನಿಂತರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಗಂಧದೆಣ್ಣೆ ಇಳಿಸುವ ಕ್ರಮವನ್ನು ಕಂಡುಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ತೆರೆಯಿತು. ನೂರು ಕೆಜಿ ಒಳ್ಳೆಯ ಚೇಗಿನಿಂದ ನಾಲ್ಕಾರು ಕೆಜಿ ಎಣ್ಣೆ. ಹಡಗಿನಲ್ಲಿ ಜಾಗವೇ ಸಿಗದ ಕಾಲದಲ್ಲಿ ನೂರು ಕೆಜಿಯ ಬದಲು ಐದು ಕೆಜಿ ಕಳಿಸಿದರೆ ಸಾಕಾಯಿತು. ಬೆಲೆಯೂ ನಮ್ಮಲ್ಲೇ ಉಳಿಯಿತು. 1918ರಲ್ಲಿ ಸಾಬೂನು ಬಂತು. ಅದಕ್ಕಾಗಿ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದಿದ್ದರು.

ಆ ಸಾಬೂನಿನ ಕಥೆ ನಿಮಗೆ ಗೊತ್ತೇ ಇದೆ. ಮೈಸೂರು ಸ್ಯಾಂಡಲ್ ಸೋಪು ಮುಗಿದ ಮೇಲೂ ಅದರ ಡಬ್ಬಿ ಮುಗಿಯುವುದಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಿಸಾಡದೆ ಸೀರೆಗಳ ನಡುವೆ ಇಡದ ಮನೆ ಕರ್ನಾಟಕದಲ್ಲಿ ಇದೆಯೇ? ಪ್ರಯಾಣಕ್ಕೂ ಅದೇ ಉಪಾಯ. ಅರ್ಧ ಸವೆದ ಸೋಪು ಹಳೆಯ ಡಬ್ಬಿಯಲ್ಲಿ, ಡಬ್ಬಿ ಒಗೆದ ಸೀರೆಯ ನಡುವೆ. ಸ್ನಾನಕ್ಕೂ ಆಯಿತು, ಬಟ್ಟೆಗೆ ಪರಿಮಳವೂ ಆಯಿತು. ಅರಮನೆಯ ಮರ ಮಧ್ಯಮ ವರ್ಗದ ಹೆಣ್ಣುಮಕ್ಕಳ ಚೀಲಕ್ಕೆ ಬಂದು ಸೇರಿದ್ದು ಹೀಗೆ, ಒಂದು ಖಾಲಿ ಡಬ್ಬಿಯ ಮೂಲಕ.

ನೀಲಗಿರಿಯದು ಇನ್ನೂ ದೂರದ ಪ್ರಯಾಣ. ಮರ ಆಸ್ಟ್ರೇಲಿಯಾದ್ದು. ಅಲ್ಲಿ ಅದರ ಎಲೆಯಿಂದ ವ್ಯಾಪಾರಕ್ಕೆಂದು ಎಣ್ಣೆ ಇಳಿಸಲು ತೊಡಗಿದವನು ಜೋಸೆಫ್ ಬೊಸಿಸ್ಟೊ, 1850ರ ದಶಕದಲ್ಲಿ. ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲದಲ್ಲೇ ಈ ಮರ ನೆಟ್ಟಿದ್ದರೆಂಬ ಮಾತು ಪ್ರಚಾರದಲ್ಲಿದೆ. ಊಟಿಯ ಬೆಟ್ಟಗಳಲ್ಲಿ 1843ರಿಂದ ಸೌದೆಗೆಂದು ಬೆಳೆಸಿದರು. ಪರದೇಶದ ಮರಕ್ಕೆ ನಾವು ಬೆಟ್ಟದ ಹೆಸರನ್ನೇ ಇಟ್ಟು ‘ನೀಲಗಿರಿ’ ಎಂದು ಕರೆದು ನಮ್ಮದಾಗಿಸಿಕೊಂಡೆವು. ಊಟಿಗೆ ಶಾಲಾ ಪ್ರವಾಸ ಹೋದ ಮಕ್ಕಳು ಚಾಕಲೇಟಿನ ಜೊತೆ ಅಮ್ಮನಿಗೆಂದು ತರುತ್ತಿದ್ದುದು ನೀಲಗಿರಿ ಎಣ್ಣೆಯ ಬಾಟಲಿ. ಆದರೆ ಮರದ ಮೇಲಿನ ಪ್ರೀತಿ ಉಳಿಯಲಿಲ್ಲ. ನೆಲದ ನೀರನ್ನು ಹೀರುತ್ತದೆಂದು 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಒಂದು ಸ್ವಾರಸ್ಯ ನೋಡಿ. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಏಲಕ್ಕಿಯ ಎಣ್ಣೆಯಲ್ಲೂ ಮುಖ್ಯವಾಗಿರುವ ಅಂಶಗಳಲ್ಲಿ ಒಂದು ಅದೇ ಸಿನಿಯೋಲ್. ಏಲಕ್ಕಿ ಜಗಿದಾಗ ಮೂಗಿನೊಳಗೆ ತಣ್ಣಗೆ ಏರುವುದೂ, ನೀಲಗಿರಿ ಮೂಸಿದಾಗ ಮೂಗು ಬಿಡುವಂತೆನಿಸುವುದೂ ಒಂದೇ ಬಳಗದ ಕೆಲಸ. ಸೆರಗಿನ ತುದಿಯ ಗಂಟಿಗೂ ಊಟಿಯ ಬಾಟಲಿಗೂ ಹೀಗೊಂದು ನೆಂಟಸ್ತಿಕೆ.

ಮೂರನೆಯದು ಅಮೃತಾಂಜನ. ಆಂಧ್ರದ ಕಾಶೀನಾಥುನಿ ನಾಗೇಶ್ವರ ರಾವ್ ಅವರು 1893ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಹಳದಿ ಮುಲಾಮು. ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ಜನರಿಗೆ ರೂಢಿ ಮಾಡಿಸಿದರಂತೆ. ಕರ್ಪೂರ, ಪುದೀನದ ಹರಳು, ನೀಲಗಿರಿ ಎಲ್ಲವೂ ಮೇಣದಂಥ ಮುಲಾಮಿನಲ್ಲಿ ಸೇರಿದ್ದರಿಂದ ಚೀಲದಲ್ಲಿ ಸೋರುವ ಭಯವಿಲ್ಲ. ಪ್ರಯಾಣಕ್ಕೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಹಳ್ಳಿಯ ಹೆಣ್ಣುಮಗಳು ಸ್ವಂತಕ್ಕೆಂದು ಕೇಳಿ ತರಿಸಿಕೊಳ್ಳುತ್ತಿದ್ದ ಕೆಲವೇ ವಸ್ತುಗಳಲ್ಲಿ ಅದೊಂದು. ತಲೆನೋವು ಎಂದು ಹೇಳಿಕೊಳ್ಳಲು ಅವಳಿಗೆ ಅನುಮತಿ ಇತ್ತು. ದಣಿವಾಗಿದೆ ಎನ್ನಲು ಇರಲಿಲ್ಲ. ಹಣೆಗೆ ಮುಲಾಮು ಹಚ್ಚಿಕೊಂಡು ಮಲಗಿದ ಅರ್ಧ ಗಂಟೆ ಅವಳದೇ ಸ್ವಂತ.

1979ರಲ್ಲಿ ಹಾಸನ–ಮಂಗಳೂರು ರೈಲು ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 57 ಸುರಂಗ, 109 ಸೇತುವೆ. ಬಸ್ಸಿನ ತಿರುವಿಗೆ ಹೆದರುತ್ತಿದ್ದವರು ಸಮಾಧಾನದಿಂದ ಘಟ್ಟ ಇಳಿದರು. ಮೀಟರ್ ಗೇಜ್ ಹಳಿಯನ್ನು ಅಗಲ ಮಾಡಲೆಂದು 1996ರಲ್ಲಿ ಆ ರೈಲು ನಿಂತಿತು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ನಿಂಬೆಹಣ್ಣಿಗೆ ಮತ್ತೆ ಕೆಲಸ.

ವಿಮಾನದಲ್ಲಿ ಮಕ್ಕಳ ಮನೆಗೆ ಹೋಗುವ ತಾಯಂದಿರಿಗೆ ಹಗುರ ಗಂಟು ಈಗ ಕಾನೂನೇ ಆಗಿದೆ. 2006ರ ಆಗಸ್ಟಿನಲ್ಲಿ ದ್ರವರೂಪದ ಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ, ಕೈಚೀಲದಲ್ಲಿ ಒಯ್ಯುವ ಯಾವ ದ್ರವದ ಬಾಟಲಿಯೂ 100 ಮಿಲಿಲೀಟರ್ ಮೀರಬಾರದೆಂಬ ನಿಯಮ ಹಲವು ದೇಶಗಳಲ್ಲಿ ಬಂತು. ಉಪ್ಪಿನಕಾಯಿ ಭರಣಿ ತಡೆದು ನಿಲ್ಲುತ್ತದೆ, 10 ಮಿಲಿಲೀಟರಿನ ನೀಲಗಿರಿ ಸೀಸೆ ದಾಟಿ ಹೋಗುತ್ತದೆ. ಒಂದು ಸೀಸೆ ನೀಲಗಿರಿ, ಒಂದು ಸೀಸೆ ಮಜ್ಜಿಗೆ ಹುಲ್ಲಿನ ಎಣ್ಣೆ, ನಾಲ್ಕು ಏಲಕ್ಕಿ, ಒಂದು ಹಿಡಿ ಲಾವಂಚ – ಇಷ್ಟು ಇದ್ದರೆ ನೆಗಡಿ, ಸೊಳ್ಳೆ, ತೊಳಸುವ ಹೊಟ್ಟೆ, ಮುಗ್ಗಿದ ಬಟ್ಟೆ ಎಲ್ಲಕ್ಕೂ ಒಂದಿಷ್ಟು ಉತ್ತರ ಸಿಕ್ಕಿತು. ಸೀಸೆ ದಟ್ಟ ಬಣ್ಣದ ಗಾಜಿನದಿರಲಿ. ಬೆಳಕು ತಾಗಿದರೆ ಎಣ್ಣೆ ಕೆಡುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಎಣ್ಣೆಯೇ ಕೆಡಿಸುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಾರಿ ತುಂಬ ಎಲೆ ಸೀಸೆಯಲ್ಲಿ ಕೂತಿದೆ ಎಂದರೆ ಅದರ ಶಕ್ತಿಯೂ ಅಷ್ಟೇ ಕೂತಿದೆ. ನೀಲಗಿರಿ ಎಣ್ಣೆಯಾಗಲಿ ಕರ್ಪೂರವಾಗಲಿ ಚಿಕ್ಕ ಮಕ್ಕಳು ಸ್ವಲ್ಪವೇ ನುಂಗಿದರೂ ಫಿಟ್ಸ್ ಬಂದು ಪ್ರಾಣಕ್ಕೆ ಅಪಾಯವಾಗಬಹುದು. ಹಸುಗೂಸಿನ ಮೂಗು, ಎದೆಗೆ ಇವನ್ನು ಹಚ್ಚಲೇಬಾರದು. ದೊಡ್ಡವರೂ ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ ಹಚ್ಚಿಕೊಳ್ಳಬೇಕೇ ಹೊರತು ಹಾಗೇ ಅಲ್ಲ. ಉಬ್ಬಸ ಇರುವವರಿಗೆ ಗಾಢ ವಾಸನೆಯೇ ಕಾಟ ಕೊಡಬಹುದು. ಪರಿಮಳ ಇರುವುದೆಲ್ಲ ಸಾಧು ಎಂದು ತಿಳಿಯಬಾರದು. ಸೀಸೆಯನ್ನು ಮಗುವಿನ ಕೈಗೆ ಸಿಗದ ಕಡೆ ಇಡಿ.

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸಾರಿಗೆ ಆರಂಭಿಸಿತು. ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗೆ ಘಾಟಿಗೆ ಕಾಂಕ್ರೀಟು ಬಿದ್ದದ್ದು 2015ರಲ್ಲಿ, ಕೆಳಗಿನ ಭಾಗಕ್ಕೆ 2018ರಲ್ಲಿ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಗೊಣಗುವವರೂ ಉಂಟು. ಆ ನೂಕುನುಗ್ಗಲಿನಲ್ಲಿ ದೊಡ್ಡ ಗಂಟು ಹೊತ್ತು ನಿಲ್ಲುವುದು ಸಾಧ್ಯವಿಲ್ಲವೆಂಬುದೂ ನಿಜ.

ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಮದುವೆಯಾದ ಮೇಲೆ ಅವರು ಮಾಡಿದ ಪ್ರಯಾಣಗಳಲ್ಲೆಲ್ಲ ಬೇರೆಯವರ ಸಾಮಾನೇ ಅವರ ಸಾಮಾನು. ಆ ವರ್ಷದ ಮಳೆ ಕಳೆದ ಮೇಲೆ ಒಂದು ಬೆಳಿಗ್ಗೆ ಸುಬ್ರಹ್ಮಣ್ಯಕ್ಕೆ ಹೋಗಿ ಬರುತ್ತೇನೆ ಎಂದರು. ಯಾರ ಜೊತೆ ಎಂದು ಕೇಳಿದ್ದಕ್ಕೆ ಯಾರ ಜೊತೆಗೂ ಇಲ್ಲ ಎಂದರು. ಬಟ್ಟೆಯ ಚೀಲದಲ್ಲಿ ಒಂದು ಸೀರೆ, ಒಂದು ಟವೆಲ್ಲು, ನಿಂಬೆಹಣ್ಣು, ನೀಲಗಿರಿ ಸೀಸೆ. ಪರ್ಸಿನಲ್ಲಿ ಆಧಾರ್ ಕಾರ್ಡು. ದಾರಿಗೆ ಬುತ್ತಿ ಕಟ್ಟಿಕೊಡುತ್ತೇನೆಂದು ನಾನು ಹೊರಟರೆ, “ಬೇಡ ಬಿಡು, ಅಲ್ಲೇ ಊಟ ಸಿಗುತ್ತೆ” ಎಂದು ಚಪ್ಪಲಿ ಮೆಟ್ಟಿದರು. ಅಷ್ಟು ಸಣ್ಣ ಚೀಲ ಹಿಡಿದು ಅವರು ಮನೆಯ ಮೆಟ್ಟಿಲಿಳಿದುದನ್ನು ನಾವು ಅದೇ ಮೊದಲು ನೋಡಿದ್ದು.